ಹೊತ್ತು ನಡೆಯುವ ಸೂರು

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ಜೊತೆಗೆ ಸ್ಕೌಟ್ ದಳವನ್ನೂ ನೋಡಿಕೊಳ್ಳುತ್ತಿದ್ದ ನಾನು ಶಿಬಿರದ ಮೊದಲ ಪಾಠವಾಗಿ ಮಕ್ಕಳಿಂದ ಮಾಡಿಸುತ್ತಿದ್ದ ಲೆಕ್ಕ ಇದು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಆಷಾಢದ ಒಂದು ರಾತ್ರಿ ಗಂಟೆಗೆ 50 ಮಿಲಿಮೀಟರ್ ಹೊಯ್ಯಿತು ಎನ್ನಿ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ತಾಡಪಾಲಿನ ಮೇಲೆ ಆ ಒಂದು ಗಂಟೆಯಲ್ಲಿ ಬೀಳುವ ನೀರು 450 ಲೀಟರ್. ಅಷ್ಟನ್ನೂ ಒಳಗೆ ಮಲಗಿದವರ ಮೈಗೆ ತಾಗದಂತೆ ನೆಲಕ್ಕಿಳಿಸಬೇಕು. ಅದನ್ನು ಮಾಡಬೇಕಾದ ಸಾಮಾನೋ, ಬೆನ್ನ ಮೇಲೆ ಹೊತ್ತು ತಂದ ಒಂದು ತುಂಡು ಬಟ್ಟೆ, ನಾಲ್ಕೆಂಟು ಮೊಳ ಹುರಿ, ಎರಡು ಕವೆಗೋಲು.

ಹಂಚಿನ ಮನೆ, ಸೋಗೆಯ ಮನೆ, ತೊಟ್ಟಿಮನೆಗಳ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಮನೆಯಿಂದ ದೂರವಿದ್ದಾಗ ಮಳೆಗೆ ನಮ್ಮ ಹಿರಿಯರು ಏನು ಮರೆ ಮಾಡಿಕೊಂಡರು ಎನ್ನುವುದು ಅಷ್ಟೇ ದೊಡ್ಡ ಕಥೆ. ನಾಟಿಯ ಗದ್ದೆಯಲ್ಲಿ, ಕುರಿಮಂದೆಯ ಪಕ್ಕದಲ್ಲಿ, ದಂಡಿನ ಬೀಡಿನಲ್ಲಿ, ಲಾರಿಯ ಮೇಲೆ ಆ ಕಥೆ ನಡೆದಿದೆ. ಅದನ್ನು ಹುಡುಕುತ್ತ ಹೋದ ನನಗೆ ಒಂದು ಮಾತು ದಿಟವೆನಿಸಿದೆ: ಮಳೆಗೆ ಎದುರು ನಿಂತದ್ದು ಅರಸರ ದೊಡ್ಡ ಡೇರೆಯಲ್ಲ, ದುಡಿಯುವ ಜನ ತಗ್ಗಿಸಿ ಕಟ್ಟಿಕೊಂಡ ಸಣ್ಣ ಮರೆ.

ಬಟ್ಟೆಗಿಂತ ಮೊದಲು ಎಲೆ ಇತ್ತು. ಉತ್ತರ ಕನ್ನಡ, ಉಡುಪಿಯ ಕಡೆ ಇಂದಿಗೂ ಅಲ್ಲಲ್ಲಿ ಕಾಣಸಿಗುವ ಶ್ರೀತಾಳೆ ಮರ ತನ್ನ ಆಯುಸ್ಸಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ಅದಕ್ಕೆ 30ರಿಂದ 80 ವರ್ಷ ಹಿಡಿಯುತ್ತದೆ. ಕಾಯಿ ಉದುರಿಸಿ ಮರ ಸಾಯುತ್ತದೆ. ಚೆನ್ನಾಗಿ ಬೆಳೆದ ಮರದ ಎಲೆ ಐದು ಮೀಟರ್ ಅಗಲಕ್ಕೂ ಹರಡುತ್ತದೆ. ತಾಳೆಗರಿಯ ಗ್ರಂಥಗಳನ್ನು ಬರೆದದ್ದು ಇದರ ಎಲೆಯ ಮೇಲೆ ಎಂದು ಶಾಲೆಯಲ್ಲಿ ಓದುತ್ತೇವೆ. ಅದೇ ಎಲೆ ಕೊಡೆಯೂ ಆಗಿತ್ತು, ಡೇರೆಯೂ ಆಗಿತ್ತು. ಸಿಂಹಳದ ಕ್ಯಾಂಡಿ ರಾಜ್ಯದಲ್ಲಿ 1660ರಿಂದ ಹತ್ತೊಂಬತ್ತು ವರ್ಷ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದ ರಾಬರ್ಟ್ ನಾಕ್ಸ್ ಎಂಬ ಆಂಗ್ಲ ನಾವಿಕ 1681ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರವಿದೆ. ಒಂದೇ ಎಲೆ ಹದಿನೈದು ಇಪ್ಪತ್ತು ಜನರಿಗೆ ಮಳೆಯಲ್ಲಿ ಮರೆಯಾಗುತ್ತದೆ, ಮಡಚಿದರೆ ಹಗುರವಾಗಿ ಕೈಯಲ್ಲಿ ಹಿಡಿಯುವಷ್ಟಾಗುತ್ತದೆ, ಅಲ್ಲಿನ ಸೈನಿಕರು ಅದನ್ನು ಹೊತ್ತೊಯ್ದು ರಾತ್ರಿ ಡೇರೆಯಾಗಿ ಬಳಸುತ್ತಾರೆ ಎಂದು ಆತ ಬರೆದಿದ್ದಾನೆ. ಹಗುರ, ಮಡಚಲು ಸುಲಭ, ನೀರು ಹಿಡಿಯದು, ಗಟ್ಟಿ. ಇಂದು ತಾಡಪಾಲು ಕೊಳ್ಳುವವರು ಅಂಗಡಿಯಲ್ಲಿ ಕೇಳುವುದೂ ಈ ನಾಲ್ಕು ಗುಣಗಳನ್ನೇ.

ನಮ್ಮ ಮಲೆನಾಡಿನಲ್ಲಿ ಎಲೆಯ ಮರೆ ಇನ್ನೊಂದು ರೂಪ ತಾಳಿತು. ಅದು ಗೊರಬು. ಬಿದಿರ ಕಡ್ಡಿಯ ಹಂದರ ಹೆಣೆದು, ನಡುವೆ ಎಲೆಗಳನ್ನು ಒತ್ತಾಗಿ ಹೊಂದಿಸಿ ಮಾಡಿದ ಈ ಮರೆ ನೆತ್ತಿಯಿಂದ ಶುರುವಾಗಿ ಬೆನ್ನನ್ನು ಪೂರಾ ಮುಚ್ಚಿ ಮಂಡಿಯ ಹತ್ತಿರ ಮುಗಿಯುತ್ತದೆ. ಮುಂಭಾಗ ತೆರೆದೇ ಇರುತ್ತದೆ. ಸಸಿ ನೆಡುವ ಹೆಂಗಸರು ದಿನವಿಡೀ ಬಗ್ಗಿ ಕೆಲಸ ಮಾಡುವವರು. ಬಗ್ಗಿದ ಮೈಗೆ ಆಕಾಶ ಬೆನ್ನ ಕಡೆ ಇರುತ್ತದೆ. ಗೊರಬಿನ ಇಳಿಜಾರು ಆ ಭಂಗಿಗೆಂದೇ ಲೆಕ್ಕ ಹಾಕಿದ್ದು. ನೀರು ಬೆನ್ನ ಮೇಲಿಂದ ಹಿಂದಕ್ಕೆ ಇಳಿಯುತ್ತದೆ, ಎರಡೂ ಕೈ ಸಸಿಗೆ ಬಿಡುವಾಗಿರುತ್ತವೆ, ತೆರೆದ ಮುಂಭಾಗದಿಂದ ಗಾಳಿಯಾಡಿ ಮೈ ಬೆವರುವುದಿಲ್ಲ. ಕೊಡೆ ಹಿಡಿದು ನಾಟಿ ಮಾಡಲಾಗದು. ಇಂದಿನ ಪ್ಲಾಸ್ಟಿಕ್ ರೇನ್‌ಕೋಟು ತೊಟ್ಟರೆ ಅರ್ಧ ಗಂಟೆಯಲ್ಲಿ ಒಳಗೇ ಬೆವರಿ ಒದ್ದೆ. ಗೊರಬಿನಲ್ಲಿ ಆ ಎರಡು ತೊಡಕೂ ಇರಲಿಲ್ಲ. ಅದನ್ನು ಹೆಣೆದವರು ಬಾಡಿಗೆ ಎಂಜಿನಿಯರುಗಳಲ್ಲ, ಅದೇ ಗದ್ದೆಯ ಕೆಸರಿನಲ್ಲಿ ನಿಂತವರು.

ಗಂಡಸರದು ಕಂಬಳಿ ಕೊಪ್ಪೆ. ಚಳ್ಳಕೆರೆಯ ಸೀಮೆಯಲ್ಲಿ ದಖ್ಖನಿ ಕುರಿಯ ಕಪ್ಪು ಉಣ್ಣೆಯಿಂದ ಕುರುಬರು ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಗಂಜಿ ಕುಡಿದ ಕಂಬಳಿ ಬಿರುಸಾಗುತ್ತದೆ, ನೇಯ್ಗೆಯ ಸಂದುಗಳು ಮುಚ್ಚುತ್ತವೆ, ಮಳೆಹನಿ ಇಳಿದುಹೋಗುತ್ತದೆ. ನಮ್ಮ ಮನೆಗೆ ಕಂಬಳಿ ಬರುತ್ತಿದ್ದದ್ದು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಿಂದ. ಅಪ್ಪಯ್ಯ ಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಅಂಗೈಯಲ್ಲಿ ನೀರು ಹಾಕಿ ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ಕಾಯುತ್ತಿದ್ದರು. ಆ ಕಂಬಳಿಯನ್ನು ಮೂಲೆ ಮಡಚಿ ತಲೆಗೇರಿಸಿದರೆ ಕೊಪ್ಪೆ, ರಾತ್ರಿ ಹೊದ್ದರೆ ಹೊದಿಕೆ, ಹಾಸಿದರೆ ಹಾಸಿಗೆ, ಪಣತಕ್ಕೆ ಭತ್ತ ಹೊರುವಾಗ ತಲೆಗೆ ಸಿಂಬಿ. ಉಣ್ಣೆ ಒದ್ದೆಯಾದರೂ ಮೈಯ ಕಾವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಬಯಲುಸೀಮೆಯ ಕುರಿಗಾಹಿಗಳು ಮಂದೆಯ ಜೊತೆ ತಿಂಗಳುಗಟ್ಟಲೆ ಊರು ಬಿಟ್ಟು ತಿರುಗಿದ್ದು ಇಂಥ ಕಂಬಳಿಯ ಬಲದ ಮೇಲೆ.

ಈಗ ಅರಮನೆಯ ಕಡೆ ತಿರುಗೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿ ಮುಗಿದ ಮೇಲೆ ಕೃಷ್ಣದೇವರಾಯ ಸೈನ್ಯವನ್ನು ಪರಿಶೀಲಿಸಿದ ದಿನದ ವರ್ಣನೆ ಬರೆದಿದ್ದಾನೆ. ನಗರದಿಂದ ಹೊರಗೆ ಮೆಕ್ಕಾದ ಮಖಮಲ್ಲಿನ ಡೇರೆ ಹಾಕಿಸಿ ಅದರೊಳಗೆ ದೇವರನ್ನು ಇರಿಸಲಾಗಿತ್ತಂತೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ಬಾದಶಹನ ಒಂದು ಬೀಡನ್ನು ಸಾಗಿಸಲು 100 ಆನೆ, 500 ಒಂಟೆ, 400 ಗಾಡಿ, 100 ಹೊರೆಯಾಳು ಬೇಕೆಂದು ಲೆಕ್ಕ ಕೊಟ್ಟಿದ್ದಾನೆ. ಡೇರೆ ಎತ್ತುವ, ಇಳಿಸುವ ಕೆಲಸಕ್ಕೆಂದೇ ಫರಾಶರೆಂಬ ಕೆಲಸಗಾರರ ದೊಡ್ಡ ಪಡೆ ಇತ್ತು. ಔರಂಗಜೇಬನ ಜೊತೆ ಕಾಶ್ಮೀರಕ್ಕೆ ಪಯಣಿಸಿದ ಫ್ರೆಂಚ್ ವೈದ್ಯ ಬರ್ನಿಯೆ ಬರೆಯುವಂತೆ ಆ ಡೇರೆಗಳ ಹೊರಮೈ ಕೆಂಪು ಬಟ್ಟೆ, ಒಳಮೈಗೆ ಮಚಲೀಪಟ್ಟಣದ ಹೂಬಿಡಿಸಿದ ಚೀಟಿ ಬಟ್ಟೆ.

ಅಂಥ ಡೇರೆಯೊಂದು ನಮ್ಮ ನೆಲದ್ದೇ ಇನ್ನೂ ಉಳಿದಿದೆ. ಇರುವುದು ಮಾತ್ರ ವೇಲ್ಸ್ ದೇಶದ ಪೋವಿಸ್ ಕೋಟೆಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಡೇರೆ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಸೇರಿತು. ಬಿಳಿ ನೆಲದ ಹತ್ತಿ ಬಟ್ಟೆ, ಅದರ ಮೇಲೆ ಸಾಲುಸಾಲು ಹೂದಾನಿ, ಹೂಬಳ್ಳಿ. ಬಟ್ಟೆ ತಯಾರಾದದ್ದು 1725 ಮತ್ತು 1750ರ ನಡುವೆ ಎಂದು ತಜ್ಞರ ಅಂದಾಜು. ಅಂದರೆ ಅದು ಟಿಪ್ಪುವಿಗಿಂತಲೂ ಹಿರಿದು. ಕ್ಲೈವ್ ಮನೆತನದವರು ಅದನ್ನು ತಮ್ಮ ತೋಟದ ಔತಣಕೂಟಗಳಿಗೆ ಚಪ್ಪರವಾಗಿ ಕಟ್ಟಿಸುತ್ತಿದ್ದರು. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಏರ್ಪಡಿಸಿದ ಭಾರತದ ಬಟ್ಟೆಗಳ ಪ್ರದರ್ಶನದಲ್ಲಿ ಅದನ್ನು ಸಾರ್ವಜನಿಕರು ಕಂಡರು. ಮೈಸೂರಿನ ಸುಲ್ತಾನನ ಬಟ್ಟೆ ವೇಲ್ಸಿನ ಕೋಟೆ ಸೇರಿದ್ದು ನನಗೆ ನೋವಿನ ಸಂಗತಿ. ಅದನ್ನು ನೇಯ್ದು ಬಣ್ಣ ಕಟ್ಟಿದವರ ಕೈಗೆ ನನ್ನ ನಮಸ್ಕಾರ.

ಆದರೆ ಈ ವೈಭವವೆಲ್ಲ ನೆರಳಿಗೆ, ಮರ್ಯಾದೆಗೆ, ಬಿಸಿಲಿಗೆ. ಮಳೆ ಹಿಡಿದರೆ ದಂಡು ನಿಲ್ಲುತ್ತಿತ್ತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮಳೆಗೆ ಸಿಕ್ಕ. ಮೇವಿಲ್ಲದೆ, ರೋಗ ತಗುಲಿ ಎತ್ತುಗಳು ಸತ್ತವು. ಎಳೆಯುವ ಎತ್ತಿಲ್ಲದೆ ಕೋಟೆ ಒಡೆಯುವ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಮುಂದೆ ಅವನ ಸೈನ್ಯಕ್ಕೆ ಧಾನ್ಯ ಒದಗಿಸಿ ಕಾಪಾಡಿದವರು ಲಂಬಾಣಿಗಳು. ಅವರ ತಾಂಡವೋ ಸಾವಿರಾರು ಎತ್ತುಗಳದು. 1632ರಲ್ಲಿ ಪೀಟರ್ ಮಂಡಿ ಎಂಬ ಪ್ರವಾಸಿ ಉತ್ತರ ಭಾರತದಲ್ಲಿ ಎದುರಾದ ಒಂದು ತಾಂಡದಲ್ಲಿ 14,000 ಎತ್ತುಗಳಿದ್ದವೆಂದು ಬರೆದಿಟ್ಟಿದ್ದಾನೆ. ಹೆಂಡತಿ ಮಕ್ಕಳು, ಅಡುಗೆಯ ಪಾತ್ರೆ, ಮಲಗುವ ಮರೆ ಎಲ್ಲವೂ ಎತ್ತಿನ ಬೆನ್ನ ಮೇಲೇ. ಅಂಥ ತಾಂಡ ಕೂಡ ಮಳೆಗಾಲದಲ್ಲಿ ಹುಲ್ಲುಗಾವಲು ನೋಡಿ ಒಂದೆಡೆ ನೆಲೆ ನಿಲ್ಲುತ್ತಿತ್ತು.

ನಮ್ಮ ಕಾಲದ ದೊಡ್ಡ ಡೇರೆಗಳೂ ಮಳೆಗೆ ಹೀಗೇ ಸೋತವು. ಕರಾವಳಿಯ ಯಕ್ಷಗಾನದ ಡೇರೆ ಮೇಳಗಳು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿದವೆಂದರೆ ದೀಪಾವಳಿಯ ಆಚೆಗೇ ಮತ್ತೆ ಹೊರಡುವುದು. ಬಯಲಿನಲ್ಲಿ ಡೇರೆ ಎತ್ತಿ ಸಿನಿಮಾ ತೋರಿಸುತ್ತಿದ್ದ ಟೂರಿಂಗ್ ಟಾಕೀಸುಗಳೂ ನಮ್ಮ ಕಡೆ ಮುಂಗಾರಿಗೆ ಮೊದಲು ಬಟ್ಟೆ ಸುತ್ತಿಡುತ್ತಿದ್ದವು. ಅಗಲ ಹೆಚ್ಚಿದಷ್ಟೂ ನೀರು ಹೆಚ್ಚು. ಎತ್ತರ ಹೆಚ್ಚಿದಷ್ಟೂ ಗಾಳಿಯ ಹೊಡೆತ ಹೆಚ್ಚು. ಗೊರಬು ಹೆಣೆದವರಿಗೆ ಈ ಎರಡೂ ಗೊತ್ತಿತ್ತು.

ತಾಡಪಾಲಿನ ನೇರ ಹುಟ್ಟು ಹಡಗಿನ ಮೇಲೆ. ಹಾಯಿಪಟದ ದಪ್ಪ ಬಟ್ಟೆಗೆ ಟಾರು ಬಳಿದು, ಹಡಗಿನ ಸರಕು ಬಾವಿಗಳ ಬಾಯಿಗೆ ಬಿಗಿದು ಕಟ್ಟುತ್ತಿದ್ದರು. ಟಾರು ನೀರು ತಡೆಯಿತು. ಜೊತೆಗೆ ಕೈಗೆ ಮೆತ್ತಿತು, ವಾಸನೆ ಹೊಡೆಯಿತು, ಬೆಂಕಿಗೆ ಹೆದರಿತು. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತೋಷ್ 1823ರಲ್ಲಿ ರಬ್ಬರನ್ನು ನಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಹಚ್ಚಿ ಒತ್ತುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದು ಬೇಸಗೆಯಲ್ಲಿ ಅಂಟಂಟಾಗುತ್ತಿತ್ತು, ಚಳಿಯಲ್ಲಿ ಸೆಡೆಯುತ್ತಿತ್ತು. ಗಂಧಕ ಬೆರೆಸಿ ರಬ್ಬರನ್ನು ಕಾಯಿಸುವ ವಿದ್ಯೆ 1840ರ ದಶಕದಲ್ಲಿ ಕೈಗೂಡಿದ ಮೇಲೆ ಆ ದೋಷ ಹೋಯಿತು. ನಮ್ಮಲ್ಲಿ 1920ರಲ್ಲಿ ಕಲ್ಕತ್ತೆಯ ಸುರೇಂದ್ರ ಮೋಹನ್ ಬೋಸರು ಕಟ್ಟಿದ ಬೆಂಗಾಲ್ ವಾಟರ್‌ಪ್ರೂಫ್ ಸಂಸ್ಥೆಯ ಡಕ್‌ಬ್ಯಾಕ್ ರೇನ್‌ಕೋಟು ಮಲೆನಾಡಿನ ಮೇಷ್ಟರು, ಪೋಸ್ಟ್‌ಮ್ಯಾನ್, ಶಾನುಭೋಗರವರೆಗೆ ತಲುಪಿತು. ಸೇನೆಯ ಡೇರೆಗಳಿಗೆ ದಪ್ಪ ಹತ್ತಿ ಬಟ್ಟೆ ನೇಯ್ದು ಹೆಸರಾದದ್ದು ಕಾನ್ಪುರ. ಅಲ್ಲಿನ ಎಲ್ಗಿನ್, ಮ್ಯೂರ್ ಗಿರಣಿಗಳು ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲೇ ಶುರುವಾದವು.

ಹತ್ತಿಯ ಕ್ಯಾನ್ವಾಸಿಗೆ ಒಂದು ವಿಶೇಷ ಗುಣವಿದೆ. ಒದ್ದೆಯಾದಾಗ ಅದರ ನೂಲು ಉಬ್ಬುತ್ತದೆ, ನೇಯ್ಗೆಯ ತೂತುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಮೇಣ ಹಚ್ಚಿದ್ದರೆ ಇನ್ನೂ ಒಳ್ಳೆಯದು. ಮಳೆ ಸುರಿಯುವಾಗ ಒಳಗಿನಿಂದ ಅದನ್ನು ಬೆರಳಿಂದ ಮುಟ್ಟಿದರೆ ಮಾತ್ರ ಆ ಜಾಗದಲ್ಲಿ ನೀರಿನ ಪೊರೆ ಒಡೆದು ಒಳಗೆ ಜಿನುಗಲು ತೊಡಗುತ್ತದೆ. ಹಳೆಯ ಸ್ಕೌಟ್ ಶಿಬಿರಗಳಲ್ಲಿ ಡೇರೆಯ ಗೋಡೆ ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದದ್ದು ಇದಕ್ಕೇ.

ನಮ್ಮ ಮನೆಯಲ್ಲಿದ್ದ ಕ್ಯಾನ್ವಾಸ್ ತಾಡಪಾಲು ಲಾರಿಯೊಂದರ ಮೇಲೆ ದುಡಿದು ಬಂದದ್ದು. ಅಪ್ಪಯ್ಯ ಶಿವಮೊಗ್ಗದಲ್ಲಿ ಕೊಂಡು ತಂದಿದ್ದರು. ಅಂಚಿನ ಮಡಿಕೆಯೊಳಗೆ ಹಗ್ಗ ಇಟ್ಟು ಹೊಲಿದಿತ್ತು, ಮೊಳಕ್ಕೊಂದು ಹಿತ್ತಾಳೆ ರಿಂಗು. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿದ್ದಾಗ ಅಕಾಲ ಮಳೆ ಬಂದರೆ ಮನೆಯವರೆಲ್ಲ ಓಡಿ ಬಂದು ಅದನ್ನು ಎಳೆಯುತ್ತಿದ್ದೆವು. ಎಳೆಯಲು ನಾಲ್ಕು ಜನ ಬೇಕು. ದಪ್ಪ ಕ್ಯಾನ್ವಾಸ್ ಚದರ ಮೀಟರಿಗೆ ಅರ್ಧ ಕಿಲೋ ಮೇಲೆ ತೂಗುತ್ತದೆ, ನೆನೆದರೆ ಇನ್ನೂ ಭಾರ. ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿದು ಬಟ್ಟೆ ಲಡ್ಡಾಗಿ ಹರಿಯುತ್ತದೆ. ಆದ್ದರಿಂದ ಬಿಸಿಲು ಬಂದ ದಿನ ಅದನ್ನು ಹುಲ್ಲಿನ ಗೊಣಬೆಯ ಮೇಲೆ ಹರವಿ, ಎರಡೂ ಮೈ ಒಣಗಿಸಿ, ಅಟ್ಟಕ್ಕೆ ಏರಿಸುವುದು ಅಮ್ಮನ ಕಟ್ಟುನಿಟ್ಟಿನ ಕೆಲಸ. ಹರಿದರೆ ಬಿಸಾಡುವ ಮಾತಿಲ್ಲ. ಪೇಟೆಯಲ್ಲಿ ತಾಡಪಾಲು ಹೊಲಿಯುವ ಸಾಯ್ಬರಿದ್ದರು. ಅವರ ಹತ್ತಿರ ತೇಪೆ ಹಾಕಿಸಿ, ಸಡಿಲವಾದ ರಿಂಗು ಬದಲಿಸಿ ಮನೆಗೆ ತರುತ್ತಿದ್ದೆವು.

ಈ ಲೋಕವನ್ನು ಬದಲಿಸಿದ್ದು ಪಾಲಿಥೀನ್. 1933ರ ಮಾರ್ಚಿನಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಬಳಿಯ ಐಸಿಐ ಪ್ರಯೋಗಶಾಲೆಯಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಎಥಿಲೀನ್ ಅನಿಲವನ್ನು ವಿಪರೀತ ಒತ್ತಡಕ್ಕೆ ಒಳಪಡಿಸಿದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಅವರು ಹುಡುಕುತ್ತಿದ್ದದ್ದು ಅದನ್ನಲ್ಲ. 1953ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಕಡಿಮೆ ಒತ್ತಡದಲ್ಲೇ ಅದನ್ನು ಇನ್ನೂ ಗಟ್ಟಿಯಾಗಿ ತಯಾರಿಸುವ ದಾರಿ ಕಂಡುಕೊಂಡರು. ಆ ಸಂಶೋಧನೆಗೆ 1963ರ ನೊಬೆಲ್ ಪ್ರಶಸ್ತಿ ಇಟಲಿಯ ನಟ್ಟಾ ಜೊತೆ ಹಂಚಿಕೆಯಾಗಿ ಬಂತು. ಆ ಗಟ್ಟಿ ಪಾಲಿಥೀನನ್ನು ಸಪೂರ ಪಟ್ಟಿಗಳಾಗಿ ಸೀಳಿ, ಬಟ್ಟೆಯಂತೆ ನೇಯ್ದು, ಎರಡೂ ಬದಿಗೆ ತೆಳು ಪದರ ಹೊಯ್ದರೆ ಇಂದಿನ ನೀಲಿ ತಾಡಪಾಲು.

ನಾನು ಹೈಸ್ಕೂಲಿನ ಹುಡುಗನಾಗಿದ್ದ ಕಾಲಕ್ಕೆ ಪ್ಲಾಸ್ಟಿಕ್ ಹಾಳೆ ನಮ್ಮೂರಿಗೆ ಕಾಲಿಟ್ಟಿತ್ತು. ಕೆಲವೇ ಮಳೆಗಾಲಗಳಲ್ಲಿ ಗೊರಬು ಅಟ್ಟ ಸೇರಿತು. ಗದ್ದೆಯಲ್ಲಿ ಹೆಂಗಸರು ಗೊಬ್ಬರದ ಚೀಲದ ಪ್ಲಾಸ್ಟಿಕನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡರು. ಮಣ್ಣಿನ ಗೋಡೆಗೆ ಎರಚಲು ಬಡಿಯದಂತೆ ಮೇ ತಿಂಗಳಲ್ಲಿ ಸೋಗೆಯ ತಟ್ಟಿ ಕಟ್ಟುತ್ತಿದ್ದ ಜಾಗಕ್ಕೆ ನೀಲಿ ಹಾಳೆ ಬಂತು. ಪ್ಲಾಸ್ಟಿಕ್ ಬಂದದ್ದನ್ನು ನಾನು ಹಳಿಯುವುದಿಲ್ಲ. ಬಡವರ ಮನೆ ಸೋರುವುದು ನಿಂತದ್ದು ಅದರಿಂದ. ಕೃಷಿ ಇಲಾಖೆ ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದಲ್ಲಿ ಕೊಡುವ ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ತಾಡಪಾಲು ಎಷ್ಟೋ ಕಣಗಳಲ್ಲಿ ರಾಗಿ, ಭತ್ತ, ಮೆಕ್ಕೆಜೋಳವನ್ನು ಉಳಿಸಿದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಜಗತ್ತಿನಾದ್ಯಂತ ಹಂಚುವ ಹಾಳೆಯ ಅಳತೆ ನಾಲ್ಕು ಮೀಟರ್, ಐದು ಮೀಟರ್. ಮನೆ ಕಳೆದುಕೊಂಡವರಿಗೆ ಮೊದಲು ಸಿಗುವ ಸೂರು ಅದೇ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನಾವು ಊರಿನಿಂದ ಸಾಮಾನು ಕೂಡಿಸಿ ಕಳಿಸಿದೆವು. ಪಟ್ಟಿಯಲ್ಲಿ ಅಕ್ಕಿಯ ಪಕ್ಕದಲ್ಲೇ ತಾಡಪಾಲು ಇತ್ತು.

ನನ್ನ ಚಿಂತೆ ಬೇರೆ. ಕ್ಯಾನ್ವಾಸ್ ದುಬಾರಿಯಾಗಿದ್ದಾಗ ಅದನ್ನು ಕಟ್ಟುವ ವಿದ್ಯೆಗೆ ಬೆಲೆ ಇತ್ತು. ತಪ್ಪಾಗಿ ಕಟ್ಟಿದರೆ ವರ್ಷದ ಗಳಿಕೆಯ ಬಟ್ಟೆ ಹರಿಯುತ್ತಿತ್ತು. ಪ್ಲಾಸ್ಟಿಕ್ ಹರಿದರೆ ಇನ್ನೊಂದು ತಂದರಾಯಿತು ಎಂಬ ಧೈರ್ಯ ಬಂದಾಗ ಕಟ್ಟುವ ವಿದ್ಯೆ ಸಡಿಲವಾಯಿತು. ಹರಿದ ನೀಲಿ ಚಿಂದಿ ಇಂದು ಹಳ್ಳದ ದಂಡೆಯಲ್ಲಿ, ಕಾಡಿನ ಅಂಚಿನ ಬೇಲಿಯಲ್ಲಿ ನೇತಾಡುತ್ತಿದೆ. ಬಿಸಿಲಿಗೆ ಪುಡಿಯಾಗಿ ಅದು ಮಣ್ಣಿಗೆ ಬೀಳುತ್ತದೆ, ಕೊಳೆಯುವುದಿಲ್ಲ.

ಚಾರಣಿಗರು ಡೇರೆ ಬಿಟ್ಟು ತಾಡಪಾಲಿಗೆ ಮರಳಿದ ಕಥೆ ಈ ಕಟ್ಟುವ ವಿದ್ಯೆಗೆ ಹೊಂದಿಕೊಂಡೇ ಇದೆ. ಅವರಿಗಿಂತ ಮೊದಲು ಸೈನಿಕರನ್ನು ನೋಡಿ. ಅಮೆರಿಕದ ಅಂತರ್ಯುದ್ಧದಲ್ಲಿ ಒಬ್ಬೊಬ್ಬ ಸೈನಿಕ ಅರ್ಧ ಡೇರೆಯ ಬಟ್ಟೆ ಹೊರುತ್ತಿದ್ದ. ಇಬ್ಬರು ಸೇರಿ ಗುಂಡಿ ಹಾಕಿದರೆ ಒಂದು ಮಾಡು. ಜರ್ಮನ್ ಸೇನೆ 1931ರಲ್ಲಿ ತಂದ ಮೂರು ಮೂಲೆಯ ಬಟ್ಟೆಯನ್ನು ಮಳೆಯಲ್ಲಿ ಮೈಗೆ ಸುತ್ತಿಕೊಳ್ಳಬಹುದಿತ್ತು, ನಾಲ್ಕು ಜನರ ಬಟ್ಟೆ ಸೇರಿಸಿದರೆ ಡೇರೆಯಾಗುತ್ತಿತ್ತು. ನಮ್ಮ ಕಂಬಳಿಯ ನೀತಿಯೇ ಅದು. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ಅಮೆರಿಕದ ಅಪ್ಪಲಾಚಿಯನ್ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. 3,000 ಕಿಲೋಮೀಟರಿಗೂ ಮೀರಿದ ಆ ದಾರಿಯಲ್ಲಿ ಅವರ ಬೆನ್ನ ಮೇಲಿದ್ದದ್ದು ತಾವೇ ಹೊಲಿದ ಚೀಲ. ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಆ ದಾರಿಯನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ಪೂರೈಸಿದ ಮೊದಲ ಹೆಂಗಸು ಅವರು. ಬಂಡೆ ಹತ್ತುವವರಿಗೆ ಹೊಸ ಸಲಕರಣೆ ಕೊಟ್ಟ ರೇ ಜಾರ್ಡೀನ್ 1990ರ ದಶಕದಲ್ಲಿ ತಮ್ಮ ಪುಸ್ತಕಗಳ ಮೂಲಕ ಭಾರದ ಡೇರೆ ಬಿಟ್ಟು ತೆಳು ತಾಡಪಾಲು ಹೊರಿರೆಂದು ಚಾರಣಿಗರಿಗೆ ಹೇಳಿದರು. ಸಿಲಿಕೋನ್ ಕುಡಿಸಿದ ನೈಲಾನ್ ಬಟ್ಟೆ ಆ ಹೊತ್ತಿಗೆ ಬಂದಿತ್ತು. ಮೂರು ಮೀಟರ್ ಚೌಕದ ಲೆಕ್ಕದಲ್ಲಿ ನೋಡಿ: ದಪ್ಪ ಕ್ಯಾನ್ವಾಸ್ ಐದು ಕಿಲೋದ ಹತ್ತಿರ, 250 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ) ಪ್ಲಾಸ್ಟಿಕ್ ಎರಡೂಕಾಲು ಕಿಲೋ, ಸಿಲಿಕೋನ್ ನೈಲಾನ್ ಅರ್ಧ ಕಿಲೋ.

ಹಾಗೆಂದು ದುಬಾರಿ ಬಟ್ಟೆ ಕೊಂಡವರು ಒಣಗಿ ಮಲಗುತ್ತಾರೆಂದಲ್ಲ. ನೈಲಾನ್ ನೀರು ಹೀರಿ ಹಿಗ್ಗುತ್ತದೆ; ಸಂಜೆ ಬಿಗಿಯಾಗಿ ಕಟ್ಟಿದ್ದು ನಡುರಾತ್ರಿ ಜೋಲುತ್ತದೆ, ಮಲಗುವ ಮುಂಚೆ ಹುರಿಗಳನ್ನು ಇನ್ನೊಮ್ಮೆ ಎಳೆದು ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಅಗ್ಗದ ನೀಲಿ ಹಾಳೆ ಕೊಳ್ಳುವವರು 90, 120 ಜಿಎಸ್‌ಎಂನದನ್ನು ಬಿಟ್ಟು 200ರ ಮೇಲಿನದನ್ನು ನೋಡಿ. ಅದರ ರಿಂಗನ್ನು ನೆಚ್ಚಬೇಡಿ, ಗಾಳಿಗೆ ಮೊದಲು ಕಿತ್ತುಬರುವುದು ಅದೇ. ಮೂಲೆಯಲ್ಲಿ ನುಣುಪಾದ ಹೊಳೆಗಲ್ಲೊಂದನ್ನು ಇಟ್ಟು, ಹಾಳೆಯನ್ನು ಅದರ ಸುತ್ತ ಮುದುರಿ, ಕುತ್ತಿಗೆಗೆ ಹುರಿ ಬಿಗಿಯಿರಿ. ಎಳೆದಷ್ಟೂ ಬಿಗಿಯಾಗುತ್ತದೆ, ಹರಿಯುವುದಿಲ್ಲ. ನಮ್ಮ ಊರಿನಲ್ಲಿ ಹುಲ್ಲಿನ ಗೊಣಬೆಗೆ ಹಾಳೆ ಹೊದಿಸುವವರೆಲ್ಲ ಹೀಗೇ ಕಟ್ಟುತ್ತಾರೆ.

ನನಗೆ ಕಟ್ಟಲು ಕಲಿಸಿದವರು ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು. ಬೇಲಿ ಕೆಲಸಕ್ಕೆ ಕಾಡಂಚಿಗೆ ಹೋದಾಗ ಮಧ್ಯಾಹ್ನದ ಊಟಕ್ಕೆ ಮರೆ ಕಟ್ಟುವಾಗ ಹೇಳುತ್ತಿದ್ದರು: “ಗಾಳಿ ಕಡೆ ಮಾಡು ತಗ್ಸಿ ಕಟ್ಟು ತಮ್ಮಾ. ನೀರಿಗೆ ನಿಲ್ಲಕ್ಕೆ ಜಾಗ ಕೊಟ್ಯೋ, ಕೂತ್ಕಂಡೇ ಬಿಡ್ತದೆ.” ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಆ ಕಡೆಯ ಅಂಚು ನೆಲಕ್ಕೆ ಒಂದು ಗೇಣು ಹತ್ತಿರ ಬರಬೇಕು, ಬಾಯಿ ಮೂಡಲಿಗೆ ತೆರೆಯಬೇಕು. ನೀರಿಗೆ ಜಾಗ ಕೊಡಬಾರದು ಎಂಬ ಅವರ ಮಾತಿಗೆ ನಾನು ಶಾಲೆಯಲ್ಲಿ ಲೆಕ್ಕ ಕೂಡಿಸಿದೆ: ಹಾಳೆ ಜೋತು, ಒಂದು ಚದರ ಮೀಟರಿನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ ತೂಕ 50 ಕಿಲೋ. ಒಂದು ಸಿಮೆಂಟ್ ಚೀಲ ನೆತ್ತಿಯ ಮೇಲೆ ತೂಗುಬಿಟ್ಟ ಹಾಗೆ. ಆದ್ದರಿಂದ ಮಾಡಿನ ಇಳಿಜಾರು ಮನೆಯ ಹಂಚಿನ ಮಾಡಿಗಿಂತ ಕಡಿಮೆಯಾಗಕೂಡದು.

ಇನ್ನುಳಿದದ್ದು ಕೆಲವು ಮಾತು. ಎರಡು ಮರಗಳ ನಡುವೆ ಹಗ್ಗ ಎಳೆದು ಅದರ ಮೇಲೆ ಹಾಳೆ ಹೊದಿಸುವುದು ಎಲ್ಲಕ್ಕಿಂತ ಸುಲಭ. ಮರ ಇಲ್ಲದಿದ್ದರೆ ಎರಡು ಕವೆಗೋಲು. ಮಳೆನೀರು ಹಗ್ಗದ ಮೇಲೆ ಹರಿದು ಒಳಗೆ ಬರುತ್ತದೆ. ಮಾಡಿನ ಹೊರಗೆ ಆ ಹಗ್ಗಕ್ಕೊಂದು ತುಂಡು ಹುರಿ ಇಳಿಬಿಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕಿ ನೆಲ ಸೇರುತ್ತದೆ. ಗೂಟವನ್ನು ಮಾಡಿನಿಂದ ಆಚೆಗೆ ಓರೆಯಾಗಿ ಹೊಡೆಯಿರಿ. ಗಂಟು ಜೀರುಗುಣಿಕೆಯದಾಗಲಿ, ಕತ್ತಲೆಯಲ್ಲಿ ಒದ್ದೆ ಕೈಯಿಂದ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಮೇಲೆ ಒಣಗಿದ ಕೊಂಬೆ ಇರುವ ಮರದಡಿ, ಒಣಗಿದ ಹಳ್ಳದ ಪಾತ್ರದಲ್ಲಿ, ಆನೆ ದಾಟುವ ದಾರಿಯಲ್ಲಿ ಕಟ್ಟಬಾರದು. ತಾಡಪಾಲಿಗೆ ಗೋಡೆಯಿಲ್ಲ, ತಳವಿಲ್ಲ. ಉಂಬಳ ಬರುತ್ತವೆ, ಅದಕ್ಕೆ ಉಪ್ಪು, ಹೊಗೆಸೊಪ್ಪು ಜೊತೆಗಿರಲಿ. ಅರಣ್ಯ ಇಲಾಖೆ ರಾತ್ರಿ ತಂಗಲು ಬಿಡದ ಕಡೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಜಾಗದಲ್ಲಿ, ಕಟ್ಟುವ ಯೋಚನೆಯೇ ಬೇಡ.

ಇವುಗಳಲ್ಲಿ ಯಾವುದೂ ಹೊಸದಲ್ಲ. ಗೊರಬು ಹೆಣೆದವರು, ಕುರಿಮಂದೆ ಕಾಯ್ದವರು, ಲಾರಿಯ ಮೇಲೆ ಹಗ್ಗ ಬಿಗಿದ ಕ್ಲೀನರ್ ಹುಡುಗರು ಇದನ್ನು ತಿಳಿದಿದ್ದರು. ಎಲೆ ಹೋಗಿ ಉಣ್ಣೆ, ಉಣ್ಣೆ ಹೋಗಿ ಕ್ಯಾನ್ವಾಸ್, ಅದೂ ಹೋಗಿ ಪ್ಲಾಸ್ಟಿಕ್ ಬಂದರೂ ನೀರು ಇಳಿಯುವ ನಿಯಮ ಬದಲಾಗಿಲ್ಲ. ಆ ನಿಯಮವನ್ನು ಕೈಯಲ್ಲಿ ಉಳಿಸಿಕೊಂಡವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಗೊರಬು ಹೆಣೆಯಬಲ್ಲ ಹಿರಿಯರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಈ ಬೇಸಗೆಯಲ್ಲೇ ಅವರ ಬಳಿ ಕೂತು ಕಲಿಯಿರಿ, ಶಾಲೆಯ ಮಕ್ಕಳನ್ನೂ ಕರೆದೊಯ್ಯಿರಿ. ಚಾರಣಕ್ಕೆ ಹೊರಡುವ ತರುಣರು ದುಬಾರಿ ಡೇರೆ ಕೊಳ್ಳುವ ಮೊದಲು ಒಂದು ತಾಡಪಾಲು, ಹತ್ತು ಮೀಟರ್ ಹುರಿ ತಂದು ಮನೆಯ ಹಿತ್ತಲಲ್ಲಿ ಮಳೆಯ ರಾತ್ರಿಯೊಂದನ್ನು ಅದರಡಿ ಕಳೆಯಿರಿ. ಕಾಡಿಗೆ ಒಯ್ದದ್ದನ್ನು ಕೊನೆಯ ಚಿಂದಿಯವರೆಗೂ ವಾಪಸ್ ತನ್ನಿ, ಒಣಗಿಸಿ ಮಡಚಿಡಿ, ಹರಿದಿದ್ದರೆ ಹೊಲಿಸಿ.